ಕರ್ಣ ಅಳೆಯದ ಊರು

"ಎಬಿಸಿಡಿ ಒಂದು ಆಯತಾಕಾರದ ಹೊಲ" ಎಂದು ಶುರುವಾಗುವ ಲೆಕ್ಕವನ್ನು ಕಂಡರೆ ನನಗೆ ಇಪ್ಪತ್ತು ವರ್ಷಗಳಿಂದ ಮೈಯುರಿ. ಅಂಥ ಹೊಲವನ್ನು ಚಿಕ್ಕೋಡಿ ಕಡೆಯಾಗಲಿ ರಾಯಬಾಗ ಕಡೆಯಾಗಲಿ ಕಂಡವರಿದ್ದರೆ ನನಗೊಮ್ಮೆ ತೋರಿಸಲಿ. ನಮ್ಮ ಹೊಲಗಳಿಗೆ ಒಂದು ಮಗ್ಗುಲನ್ನು ಹಳ್ಳ ಕೊರೆದಿರುತ್ತದೆ. ಇನ್ನೊಂದು ಮಗ್ಗುಲಿನ ಬದುವನ್ನು ಅಣ್ಣತಮ್ಮಂದಿರು ವರ್ಷಕ್ಕೊಂದು ಗೇಣು ಸರಿಸಿರುತ್ತಾರೆ. ತೊಂಬತ್ತು ಡಿಗ್ರಿಯ ಮೂಲೆ ಹುಡುಕಿದರೂ ಸಿಗುವುದಿಲ್ಲ. ಆದರೂ ಮಕ್ಕಳು ಆ ಎಬಿಸಿಡಿಯ ಕ್ಷೇತ್ರಫಲವನ್ನು ಕಣ್ಣುಮುಚ್ಚಿ ಬರೆದು, ಪಾಸಾಗಿ, ಮನೆಗೆ ಹೋಗಿ ಸ್ವಂತ ಹೊಲದ ಮುಂದೆ ಬೆಪ್ಪಾಗಿ ನಿಲ್ಲುತ್ತಾರೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಹುಟ್ಟಿದ್ದು ನಿಪ್ಪಾಣಿ ಸೀಮೆಯ ಭೋಜದ ಕಡೆ, ಕೆಲಸಕ್ಕೆ ಸೇರಿದ್ದು ಕಾಗವಾಡದ ಕಡೆ, ನಡುವೆ ಕೆಲವು ವರ್ಷ ಅಥಣಿ. ಈಗ ಇರುವ ಊರು ಚಿಕ್ಕೋಡಿಗೂ ರಾಯಬಾಗಕ್ಕೂ ನಡುವೆ ಎಲ್ಲೋ ಇದೆ ಎಂದಷ್ಟೇ ಹೇಳುತ್ತೇನೆ. ಹೆಸರು ಹೇಳಿದರೆ ನನ್ನ ಮೇಲೊಂದು ನೋಟೀಸು ಬರುವುದು ಖಂಡಿತ. ನೋಟೀಸಿಗೆ ನಾನು ಹೆದರುವುದಿಲ್ಲ, ಆದರೆ ಅದಕ್ಕೆ ಉತ್ತರ ಬರೆಯುತ್ತಾ ಕೂರಲು ನನಗೆ ಪುರುಸೊತ್ತಿಲ್ಲ.

ಪುಸ್ತಕದ ಹೊಲವನ್ನು ಬಿಟ್ಟು ಊರನ್ನೇ ಪಾಠ ಮಾಡಬೇಕೆಂದು ನಿಶ್ಚಯಿಸಿದ್ದು ಈ ಶಾಲೆಯಲ್ಲಿ. ಒಂಬತ್ತನೇ ತರಗತಿಯ ಮಕ್ಕಳಿಗೆ ಉದ್ದನೆಯ ಹಗ್ಗ ಕೊಟ್ಟೆ, ಮೀಟರಿಗೊಂದು ಗಂಟು ಹಾಕಿಸಿದೆ, ಬೀದಿಗೆ ಕರೆದುಕೊಂಡು ಹೋದೆ. ಹಳೇ ಪೇಟೆಯ ಅಗಸಿ ಬಾಗಿಲಿನಿಂದ ಐದು ಓಣಿಗಳು ಹೊರಡುತ್ತವೆ, ಆ ಐದೂ ಕೋನ ಕೂಡಿಸಿದರೆ ಎಷ್ಟು ಎಂದು ಕೇಳಿದೆ. ಬಸ್‌ಸ್ಟ್ಯಾಂಡಿನ ಮುಂದಿನ ವೃತ್ತಕ್ಕೆ ರಾಯಬಾಗದ ರಸ್ತೆ ಸ್ಪರ್ಶಕವಾಗಿ ಬರುತ್ತದೋ, ಒಳಗೆ ಹಾದು ಹೋಗುತ್ತದೋ ನೋಡಿ ಎಂದೆ. ಮನೆಯಲ್ಲಿ ಮರಾಠಿ ಮಾತನಾಡುವ ಮಕ್ಕಳು ಲಂಬಕೋನಕ್ಕೆ "ಕಾಟಕೋನ" ಎಂದರು. ಅದೂ ಸರಿ, ಹಾಗೆಯೇ ಬರೆಯಿರಿ ಎಂದೆ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ನಡುಬೀದಿಯಲ್ಲಿ ನಿಂತು, ನಮ್ಮ ಓಣಿ ಎಪ್ಪತ್ತು ಡಿಗ್ರಿ, ನಿಮ್ಮದು ಅರವತ್ತು ಎಂದು ಜಗಳಾಡಿದರು. ನನಗೆ ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಯಿತು.

ಮುಖ್ಯೋಪಾಧ್ಯಾಯರಿಗೆ ಆಗಲಿಲ್ಲ. ಕರೆಸಿಕೊಂಡು ಹೇಳಿದರು:

"ಅಲ್ರೀ ಮೇಡಂ, ಹುಡುಗೂರ ಕೈಯಾಗ ಹಗ್ಗಾ ಕೊಟ್ಟು ಓಣ್ಯಾಗ ಓಡ್ಯಾಡಸ್ತೀರಲ್ಲ, ಮಂದಿ ಏನಂತಾರ? ಮಾಡಬ್ಯಾಡ್ರಿ ಅನ್ನೂದಿಲ್ಲ. ಮಾಡ್ರಿ ಅಂತನೂ ಅನ್ನೂದಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರದು ಎತ್ತಿದ ಕೈ. ಬೇಡ ಎನ್ನಲಿಲ್ಲವಲ್ಲ ಎಂದು ನಾನು ಮುಂದುವರಿಸಿದೆ.

ಹಳೇ ಪೇಟೆ ಮುಗಿದ ಮೇಲೆ ಹೊಸ ಊರು. ನಮ್ಮ ಶಾಲೆಯ ಪಕ್ಕದಲ್ಲಿ ಸುಮಾರು ಏಳೂವರೆ ಎಕರೆಯ ಕಬ್ಬಿನ ಹೊಲವೊಂದು ಆ ವರ್ಷ ಲೇಔಟ್ ಆಗಿತ್ತು. ದೊಡ್ಡ ಕಮಾನು, ಕಮಾನಿನ ಮೇಲೆ ದೇವರ ಹೆಸರು, ಒಳಗೆ ಬಿಳಿ ಬಣ್ಣದ ಕಲ್ಲುಗಳು. ಅದರ ನಕ್ಷೆಯನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದರು. ಪ್ಲಾಟು ನೋಡಲು ಬಂದವರು ಈಶಾನ್ಯ ಮೂಲೆ ಅರ್ಧ ಫೂಟು ಬೆಳೆದಿದೆಯೇ, ಬಾಗಿಲು ಪೂರ್ವಕ್ಕೆ ಬರುತ್ತದೆಯೇ ಎಂದು ದಿಕ್ಸೂಚಿ ಹಿಡಿದು ಪರೀಕ್ಷಿಸುತ್ತಿದ್ದರು. ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಈ ಜನಕ್ಕೆ ದಿಕ್ಕು ಬೇಕು, ದಾರಿ ಬೇಡ.

ನನಗೆ ಆ ನಕ್ಷೆ ಚಿನ್ನದಂಥ ಪಾಠವಾಗಿ ಕಂಡಿತು. ಪ್ರಮಾಣ, ಸಮಾಂತರ ರೇಖೆ, ಚತುರ್ಭುಜ, ಎಲ್ಲ ಒಂದೇ ಹಾಳೆಯಲ್ಲಿ. ದೀಪಾವಳಿ ರಜೆ ಮುಗಿದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ.

ಇಲ್ಲಿ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಇಡೀ ತರಗತಿಯಲ್ಲಿ ಜ್ಯಾಮಿತಿ ತಲೆಗೆ ಹತ್ತಿದ್ದು ಅವಳಿಗೆ. ಹತ್ತಿದ್ದು ಎನ್ನುವುದಕ್ಕಿಂತ ಅವಳ ಕೈಯಲ್ಲೇ ಇತ್ತು ಎನ್ನಬೇಕು. ಅವಳಪ್ಪ ಗೌಂಡಿ, ಗೋಡೆ ಕಟ್ಟುವವನು. ಮೂರು, ನಾಲ್ಕು, ಐದು ಮೊಳ ದಾರ ಹಿಡಿದು ಮೂಲೆ ತೆಗೆಯುವುದನ್ನು ಅವಳು ಪೈಥಾಗೊರಸನ ಪಾಠಕ್ಕೂ ಮೊದಲೇ ಕಲಿತಿದ್ದಳು. ಅವರ ಮನೆ ಲೇಔಟಿನ ಹಿಂದೆ, ತೋಟದಲ್ಲಿ. ಶಾಲೆ ಲೇಔಟಿನ ಮುಂದಿನ ಮೂಲೆಯಲ್ಲಿ. ಮೊದಲು ಆ ಕಬ್ಬಿನ ಹೊಲದಲ್ಲಿ ಮೂಲೆಯಿಂದ ಮೂಲೆಗೆ ಒಂದು ಕಾಲುದಾರಿಯಿತ್ತು, ಅವಳು ಅದರಲ್ಲೇ ಬರುತ್ತಿದ್ದಳು. ಕಲ್ಲು ನೆಟ್ಟ ಮೇಲೂ ಕಲ್ಲುಗಳ ನಡುವೆ ನಡೆದು ಬರುತ್ತಿದ್ದಳು. ಆದರೆ ರಜೆ ಮುಗಿದಾಗಿನಿಂದ ದಿನವೂ ತಡ. ನಾನು ಎರಡು ಸಲ ಬಾಗಿಲ ಹೊರಗೆ ನಿಲ್ಲಿಸಿದೆ, ಮೂರನೇ ಸಲ ಎಲ್ಲರೆದುರು ಬಯ್ದೆ. ಅವಳು ಹೋಗಿ ತನ್ನ ಜಾಗದಲ್ಲಿ ಕೂತು ಕಂಪಾಸು ಪೆಟ್ಟಿಗೆ ತೆಗೆದಳು. ಯಾಕೆ ತಡ ಎಂದು ಒಂದು ಸಲವಾದರೂ ನೆಟ್ಟಗೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆಯೇ ಕೋಪ ಬರುತ್ತದೆ.

ಆ ದಿನ ಲೇಔಟಿನಲ್ಲಿ ಹಗ್ಗ ಹಿಡಿದು ಹಿಂದಿನ ಬದುವಿನ ತನಕ ಹೋದಾಗ ಅವಳು ನಕ್ಷೆಯ ಹಾಳೆಯನ್ನು ನನ್ನ ಮುಂದೆ ಹಿಡಿದಳು.

"ಅಕ್ಕೋರ, ಈ ರಸ್ತಾ ನಕ್ಷೆದಾಗ ಹಿಂದಿನ ಬದುತನಾ ಹೋಗೈತಿ. ಇಲ್ಲಿ ನೋಡಿದ್ರ ಗ್ವಾಡಿ ಐತಿ."

ನಿಜ. ಕಮಾನಿನಿಂದ ಹೊರಟು, ಒಂದು ಕಡೆ ತಿರುಗಿ, ಹಿಂದಿನ ಗಡಿಯಲ್ಲಿ ತೆರೆದುಕೊಳ್ಳಬೇಕಿದ್ದ ರಸ್ತೆಯ ಬಾಯಿಗೆ ಆರು ಫೂಟಿನ ಗೋಡೆ. ಗೋಡೆಯ ಒಳಗೆ ಒಂದು ಮನೆಯ ಬುನಾದಿ. ಹಿಂದಿನ ಸಾಲಿನ ಉಳಿದ ಪ್ಲಾಟುಗಳವರು ಮೊದಲೇ ಕಂಪೌಂಡು ಹಾಕಿಕೊಂಡಿದ್ದರು. ಒಂದು ಮಗ್ಗುಲಿಗೆ ಹಳ್ಳ, ಇನ್ನೊಂದು ಮಗ್ಗುಲಿಗೆ ತಂತಿ ಬೇಲಿಯ ಕಬ್ಬು. ಅಂದರೆ ಆ ಹುಡುಗಿ ಈಗ ಸಕ್ಕರೆ ಕಾರ್ಖಾನೆಯ ರಸ್ತೆ ಹಿಡಿದು, ಸೇತುವೆ ದಾಟಿ, ಇಡೀ ಊರು ಸುತ್ತಿ ಶಾಲೆಗೆ ಬರಬೇಕು. ಅದನ್ನೂ ಮಕ್ಕಳು ಹಗ್ಗ ಹಿಡಿದು ಅಳೆದರು. ಎರಡು ಸಾವಿರದ ಮುನ್ನೂರು ಮೀಟರು.

ರಸ್ತೆ ಎಲ್ಲಿ ಹೋಯಿತು? ಮಕ್ಕಳಿಗೆ ಇದೇ ಲೆಕ್ಕ ಎಂದೆ. ಹೊಲದ ನಾಲ್ಕೂ ಬದಿ ಅಳೆದೆವು. ನಕ್ಷೆಯಲ್ಲಿದ್ದಷ್ಟೇ ಇದ್ದವು, ಉದ್ದ ಇನ್ನೂರು ಮೀಟರು, ಅಗಲ ನೂರಾ ಐವತ್ತು. ಆಮೇಲೆ ಮೂಲೆಯಿಂದ ಮೂಲೆಗೆ ಕರ್ಣ ಅಳೆದು, ಹೊಲವನ್ನು ಎರಡು ತ್ರಿಕೋನ ಮಾಡಿ ಲೆಕ್ಕ ಹಾಕಿಸಿದೆ. ಕರಪತ್ರದಲ್ಲಿ ಹೇಳಿದ್ದಕ್ಕಿಂತ ಸುಮಾರು ಒಂಬತ್ತು ಗುಂಟೆ ಕಡಿಮೆ ಬಂತು. ಮತ್ತೆ ಹಾಕಿದರು, ಮತ್ತೆ ಅಷ್ಟೇ ಬಂತು. ಒಂಬತ್ತು ಗುಂಟೆ ಎಂದರೆ ಹೆಚ್ಚುಕಡಿಮೆ ಆ ಕಾಣೆಯಾದ ರಸ್ತೆಯಷ್ಟೇ ನೆಲ. ಲೆಕ್ಕ ಮುಗಿಯುವ ಹೊತ್ತಿಗೆ ಕರಪತ್ರದ ಅಂಕಿ ಎಲ್ಲಿಂದ ಬಂತು ಎಂಬುದು ನನಗೆ ತಿಳಿದುಹೋಗಿತ್ತು.

ನಮ್ಮ ಸೀಮೆಯಲ್ಲಿ ಹೊಲ ಅಳೆಯುವ ಒಂದು ರೂಢಿ ಇದೆ. ಎದುರುಬದುರಿನ ಎರಡು ಬದಿ ಕೂಡಿಸಿ ಅರ್ಧ ಮಾಡು, ಇನ್ನೆರಡು ಬದಿ ಕೂಡಿಸಿ ಅರ್ಧ ಮಾಡು, ಎರಡನ್ನೂ ಗುಣಿಸು, ಮುಗಿಯಿತು. ನನ್ನ ಅಪ್ಪ ಹೀಗೆಯೇ ಅಳೆಯುತ್ತಿದ್ದ. ತಂಬಾಕು ಬೆಳೆಯುವ ರೈತ, ಜೈನ, ಊರ ಪಂಚರಲ್ಲಿ ಒಬ್ಬ. ಯಾರ ಮನೆಯ ಪಾಲಾದರೂ ಅಪ್ಪನ ಹಗ್ಗವೇ ಬೇಕು. ಹೊತ್ತು ಮುಳುಗುವ ಮೊದಲು ಊಟ ಆಗಬೇಕಾದ್ದರಿಂದ ಗಡಿಬಿಡಿಯಲ್ಲಿ ಅಳೆದು, ಬಾಯಲ್ಲೇ ಗುಣಿಸಿ ಹೇಳಿ ಮನೆಗೆ ಬರುತ್ತಿದ್ದ. ಮೂಲೆಗಳು ನೆಟ್ಟಗಿದ್ದರೆ ಈ ಲೆಕ್ಕ ಸರಿ. ಹೊಲ ವಾಲಿದ್ದರೆ ಇಲ್ಲದ ನೆಲವನ್ನು ಇದೆ ಎನ್ನುತ್ತದೆ. ಎಷ್ಟು ವಾಲಿದರೆ ಅಷ್ಟು ಹೆಚ್ಚು ಸುಳ್ಳು. ನಾನು ಬಿ.ಎಸ್ಸಿ. ಓದಿ ಬಂದ ಮೇಲೂ, ಕಾಗವಾಡದ ಕಡೆ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಮಕ್ಕಳಿಗೆ ಇದನ್ನು ಅಪ್ಪನ ಉಪಾಯ ಎಂದು ಹೆಮ್ಮೆಯಿಂದ ಹೇಳಿಕೊಟ್ಟಿದ್ದೆ. ತಪ್ಪೆಂದು ಗೊತ್ತಾದ ಮೇಲೆ ಹೇಳಿಕೊಡುವುದನ್ನು ಬಿಟ್ಟೆ. ಮೊದಲು ಕಲಿತವರನ್ನು ಹುಡುಕಿ ತಿದ್ದಲು ಹೋಗಲಿಲ್ಲ.

ಲೇಔಟಿನ ಪ್ಲಾಟು ಹಾಕಿದವನು ಯಾರೆಂದು ಕಮಾನಿನ ಹತ್ತಿರ ವಿಚಾರಿಸಿದೆ. ಮರುದಿನ ಅವನೇ ಶಾಲೆಗೆ ಬಂದ, ಬಂದವನೇ ಕಾಲು ಮುಟ್ಟಿದ. ಕಾಗವಾಡದ ಕಡೆಯ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವನು.

"ಎಷ್ಟ ವರ್ಷಾತ್ರಿ ಅಕ್ಕೋರ ನಿಮ್ಮನ್ನ ನೋಡಿ" ಎಂದ. "ಅಥಣಿಯಿಂದ ಚಿಕ್ಕೋಡಿತನಾ ಎಲ್ಲಾ ಕಡೆ ನಾನ ಪ್ಲಾಟ್ ಹಾಕ್ತೇನ್ರಿ ಈಗ."

"ಈ ಹೊಲದ ಲೆಕ್ಕಾ ಹೆಂಗ ಮಾಡಿದೆಪಾ?"

"ನೀವ ಕಲಿಸಿದ್ದ ಲೆಕ್ಕಾರೀ. ಎದರಾಬದರಾ ಕೂಡಿಸಿ ಅರ್ಧಾ ಮಾಡೂದು, ಗುಣಸೂದು. ಹತ್ತ ವರ್ಷಾತು, ಇದ ಲೆಕ್ಕದ ಮ್ಯಾಲ ಹೊಟ್ಟಿ ಹೊರಕೊಂಡೇನಿ."

"ಕರ್ಣಾ ಅಳದಿದ್ದೇನು?"

"ಕರ್ಣಾ ಯಾಕ್ರಿ? ನೀವ ಅದನ್ನ ಹೇಳಿದ್ದಿಲ್ಲ."

ನಾನು ಮೇಜಿನ ಖಾನೆಯಿಂದ ನಾಲ್ಕು ಬಿದಿರಿನ ಪಟ್ಟಿ ತೆಗೆದೆ. ಸೈಕಲ್ ಅಂಗಡಿಯ ನಟ್ಟು ಬೋಲ್ಟು ಹಾಕಿ ನಾಲ್ಕು ಮೂಲೆ ಕೂಡಿಸಿದ ಚೌಕಟ್ಟು ಅದು, ತರಗತಿಗೆಂದು ಮಾಡಿದ್ದು. ನೆಟ್ಟಗೆ ನಿಲ್ಲಿಸಿ ಅವನ ಕೈಗೆ ಕೊಟ್ಟೆ, ಒಂದು ಮೂಲೆ ಒತ್ತು ಎಂದೆ. ಒತ್ತಿದ. ಚೌಕ ವಾಲಿತು. ಇನ್ನೂ ಒತ್ತು ಎಂದೆ. ಒತ್ತುತ್ತಾ ಹೋದಂತೆ ನಾಲ್ಕೂ ಪಟ್ಟಿ ಒಂದರ ಮೇಲೊಂದು ಮಲಗಿ ನಡುವಿನ ಜಾಗವೇ ಇಲ್ಲವಾಯಿತು. "ಬದಿ ಸಣ್ಣವಾದವೇನು? ಇಲ್ಲ. ನಿನ್ನ ಲೆಕ್ಕಾ ಬದಲಾತೇನು? ಇಲ್ಲ. ನೆಲ ಎಲ್ಲಿ ಹೋತು?" ಎಂದು ಕೇಳಿದೆ. ಅವನು ಪಟ್ಟಿಗಳನ್ನು ಮತ್ತೆ ನೆಟ್ಟಗೆ ನಿಲ್ಲಿಸಿ, ಮತ್ತೆ ಒತ್ತಿ ನೋಡಿದ.

ಆಮೇಲೆ ನಡೆದದ್ದನ್ನು ಹೇಳಿದ. ಕಮಾನಿನಿಂದ ಶುರು ಮಾಡಿ ಒಂದೊಂದೇ ಪ್ಲಾಟಿಗೆ ಕಲ್ಲು ನೆಡುತ್ತಾ ಹೋದರಂತೆ. ಎಲ್ಲ ಪ್ಲಾಟುಗಳೂ ಮೊದಲೇ ಮಾತಾಗಿದ್ದವು, ಅಳತೆ ಗೇಣು ಕಡಿಮೆಯಾದರೂ ಕೊಂಡವರು ಬಿಡುವವರಲ್ಲ. ಹಿಂದಿನ ಬದು ಬಂದಾಗ ಇನ್ನೂ ಪ್ಲಾಟು ಉಳಿದಿದ್ದವು, ನೆಲ ಮುಗಿದಿತ್ತು. ಹಗ್ಗ ಎಲ್ಲೋ ಜಾರಿರಬೇಕು ಎಂದುಕೊಂಡನಂತೆ. ಮಾಲೀಕನಿಗೆ ಹೇಳಿದ. ಮಾಲೀಕ, ರಸ್ತೆ ಯಾರ ಹೆಸರಿನಲ್ಲೂ ಇಲ್ಲವಲ್ಲ, ಅದರ ಮೇಲೆ ಹಾಕು ಎಂದನಂತೆ.

ಯಾರ ಹೆಸರಿನಲ್ಲೂ ಇಲ್ಲದ್ದು ಎಂದರೆ ಎಲ್ಲರದು ಎಂದು ನಾನು ತಿಳಿದಿದ್ದೆ. ಈ ಊರಿನಲ್ಲಿ ಅದರ ಅರ್ಥ ಯಾರದೂ ಅಲ್ಲ ಎಂದು. ನನ್ನ ಸಿಟ್ಟು ನೆತ್ತಿಗೇರಿತು. ಆದರೆ ಯಾರನ್ನು ಬಯ್ಯುವುದು? ಮುಂದೆ ಕೂತವನನ್ನು ಬಯ್ಯಲು ಬಾಯಿ ತೆರೆದರೆ ನನ್ನದೇ ದನಿ ನನಗೆ ಕೇಳುತ್ತಿತ್ತು. ತಪ್ಪು ಲೆಕ್ಕ ನನ್ನ ಕೊಡುಗೆ, ರಸ್ತೆ ನುಂಗಿದ್ದು ಮಾಲೀಕನ ಕೊಡುಗೆ, ಎರಡೂ ಸೇರಿ ಬಿದ್ದದ್ದು ಒಂದು ಹುಡುಗಿಯ ಕಾಲಿನ ಮೇಲೆ.

ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಲೇಔಟಿಗೆ ಮಂಜೂರಾತಿ ಕೊಟ್ಟ ಕಚೇರಿಗೆ ಬಾ ಎಂದಾಗ ಅವನು ನೆಪ ಹೇಳಲಿಲ್ಲ. ನನ್ನ ಜೊತೆ ಬಂದ, ನನ್ನ ಅಳತೆ ತಪ್ಪಿದೆ ಎಂದು ಬಾಯಿಬಿಟ್ಟು ಹೇಳಿದ. ಇಷ್ಟು ಮಾಡುವ ಎಂಜಿನಿಯರುಗಳು ಎಷ್ಟು ಜನ ಸಿಕ್ಕಾರು? ಆದರೆ ಮೇಜಿನ ಆಚೆ ಕೂತ ಸಾಹೇಬರಿಗೆ ಅದು ಕೇಳಿಸಲೇ ಇಲ್ಲ. ನನ್ನ ಅರ್ಜಿ ಓದಿ, ಕಡತದಿಂದ ಮಂಜೂರಾದ ನಕ್ಷೆ ತೆಗೆದು ಬಿಚ್ಚಿದರು.

"ನಕ್ಷೆದಾಗ ರಸ್ತಾ ಐತೇನ್ರಿ?"

"ಐತ್ರಿ."

"ಮತ್ತ ರಸ್ತಾ ಇಲ್ಲ ಅಂತ ಅರ್ಜಿ ಹೆಂಗ ಕೊಡ್ತೀರಿ?"

"ಜಾಗಾದಾಗ ಇಲ್ರಿ ಸಾಹೇಬ್ರ. ಬಂದು ನೋಡ್ರಿ, ಗ್ವಾಡಿ ಐತಿ."

"ಹಂಗಂದ್ರ ಅದು ಗ್ವಾಡಿ ವಿಷಯ ಆತು. ಗ್ವಾಡೀದು ಬ್ಯಾರೆ ಅರ್ಜಿ ಕೊಡ್ರಿ. ರಸ್ತಾದ್ದು ನಮ್ಮಲ್ಲಿ ಸರಿ ಐತಿ."

ಬೇರೆ ಅರ್ಜಿಯನ್ನೂ ಕೊಟ್ಟೆ. ಅದಕ್ಕೆ ಸ್ವೀಕೃತಿಯ ಮುದ್ರೆ ಬಿತ್ತು. ಮುದ್ರೆ ಮಾತ್ರ ಬಹಳ ನೆಟ್ಟಗೆ ಬಿದ್ದಿತ್ತು, ಅದರ ಮೂಲೆಗಳೆಲ್ಲ ತೊಂಬತ್ತು ಡಿಗ್ರಿ.

ಇಷ್ಟರಲ್ಲಿ ಹುಡುಗಿ ಶಾಲೆಗೆ ಬರುವುದೇ ನಿಂತಿತು. ನಾನು ಆ ಎರಡು ಸಾವಿರದ ಮುನ್ನೂರು ಮೀಟರು ನಡೆದು ಅವರ ಮನೆಗೆ ಹೋದೆ. ಕಬ್ಬಿನ ಹಂಗಾಮು. ಎರಡೆರಡು ಡಬ್ಬಿ, ಅಂದರೆ ಟ್ರೇಲರು, ಜೋಡಿಸಿದ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಒಂದರ ಹಿಂದೊಂದು ಬರುತ್ತಿದ್ದವು. ರಸ್ತೆ ಬಿಟ್ಟು ಇಳಿಯಲು ಜಾಗವಿಲ್ಲ, ಒಂದೆರಡು ಕಡೆ ನಾನೇ ಬೇಲಿಗೆ ಅಂಟಿ ನಿಂತೆ. ಗೌಂಡಿ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಮಗಳು ಒಳಗಿನಿಂದ ಚಹಾ ತಂದಿಟ್ಟು ಬಾಗಿಲ ಮರೆಗೆ ನಿಂತಳು.

"ಆ ಗ್ವಾಡಿ ನಾನ ಕಟ್ಟೇನ್ರಿ ಅಕ್ಕೋರ" ಎಂದ ಅವನು. ನಾನಿನ್ನೂ ಕೇಳಿರಲಿಲ್ಲ. "ಸೂತ್ರಾ ಹಿಡದು, ಕಾಟಕೋನಾ ತಗದು ಕಟ್ಟೇನಿ. ಒಂದ ನೂಲ ಆಕಡೆ ಈಕಡೆ ಇಲ್ಲ."

"ಮಗಳ ದಾರಿ ಅದು ಅಂತ ಗೊತ್ತಿದ್ದಿಲ್ಲೇನ್ರಿ ಅಣ್ಣಾರ?"

"ಗೊತ್ತಿತ್ರಿ. ನಾ ಒಲ್ಲೆ ಅಂದ್ರ ಇನ್ನೊಬ್ಬ ಗೌಂಡಿ ಕಟ್ತಿದ್ದ. ಆ ಲೇಔಟಿನ್ಯಾಗ ನಂದು ಇನ್ನೂ ನಾಕ ಮನಿ ಕೆಲಸಾ ಐತಿ." ಟವೆಲಿನಿಂದ ಮುಖ ಒರೆಸಿಕೊಂಡ. "ಹ್ವಾದ ವರ್ಷ ಈ ರಸ್ತಾದಾಗ ಸೈಕಲ್ ಮ್ಯಾಲ ಹೊಂಟವಗ ಡಬ್ಬಿ ತಾಗಿ ಕಾಲ ಹೋತು. ನೀವ ಹೇಳ್ರಿ, ನಾ ಹೆಂಗ ಕಳಸ್ಲಿ?"

ನಾನು ದಿನಾ ಸ್ಕೂಟಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ಹದಿನೈದು ದಿನ ಹಾಗೆಯೇ ಮಾಡಿದೆ. ಹಿಂದೆ ಕೂತು ಅವಳು ರಸ್ತೆಯ ತಿರುವುಗಳ ಕೋನ ಹೇಳುತ್ತಾ ಬರುತ್ತಿದ್ದಳು. ಇದು ನೂರಾ ಹತ್ತು, ಇದು ತೊಂಬತ್ತಕ್ಕೆ ಒಂದೆರಡು ಕಮ್ಮಿ. ಆ ಹದಿನೈದು ದಿನ ನನಗೆ ಕೆಲಸಕ್ಕೆ ಸೇರಿದ ಹೊಸದರಂತೆ ಹುರುಪಿತ್ತು.

ಹದಿನಾರನೇ ದಿನ ಸರಕಾರಕ್ಕೆ ನನ್ನ ನೆನಪಾಯಿತು. ಗಣತಿ ಕೆಲಸ. ಈ ನಾಡಿನಲ್ಲಿ ಏನನ್ನು ಎಣಿಸಬೇಕಿದ್ದರೂ ಪಾಠ ಮಾಡುವವರನ್ನೇ ಎಬ್ಬಿಸಿ ಕಳಿಸುತ್ತಾರೆ. ಬೆಳಿಗ್ಗೆ ಏಳಕ್ಕೆ ಮನೆಮನೆ ಬಾಗಿಲು ತಟ್ಟಬೇಕು, ಶಾಲೆಯಲ್ಲಿ ಪಾಠ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಹುಡುಗಿಯನ್ನು ಕರೆತರುವುದು ತಪ್ಪಿತು, ಬೇರೆ ಯಾರಿಗೂ ಆ ಉಸಾಬರಿ ಬೇಕಿರಲಿಲ್ಲ. ನನಗೆ ಹಂಚಿದ ಭಾಗದಲ್ಲಿ ಆ ಲೇಔಟೂ ಇತ್ತು. ರಸ್ತೆಯ ಮೇಲೆ ಎದ್ದ ಮನೆ ಅಷ್ಟೊತ್ತಿಗೆ ಮುಗಿದು ಗೃಹಪ್ರವೇಶವೂ ಆಗಿತ್ತು. ಮನೆಯವರು ಒಳ್ಳೆಯ ಜನ, ಕೂರಿಸಿ ನೀರು ಕೊಟ್ಟರು, ಅವರಿಗೆ ತಾವು ರಸ್ತೆಯಲ್ಲಿ ಇದ್ದೇವೆಂದು ಗೊತ್ತೇ ಇಲ್ಲ. ಬಾಗಿಲ ಚೌಕಟ್ಟಿನ ಮೇಲೆ ನಾನೇ ನನ್ನ ಕೈಯಾರೆ ನಂಬರು ಬರೆದೆ. ಆ ರಸ್ತೆ ಮನೆಯಾಯಿತು ಎಂಬುದಕ್ಕೆ ಸರಕಾರದ ಮೊದಲ ದಾಖಲೆ ನನ್ನ ಅಕ್ಷರದಲ್ಲಿದೆ. ಕೈಲಾಗದವರು ಮೈಯೆಲ್ಲ ಪರಚಿಕೊಂಡರಂತೆ, ಹಾಗೆ ಆ ಸಂಜೆ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ.

ವಾರ್ಷಿಕ ಪರೀಕ್ಷೆಗೆ ಅವಳು ಬಂದಳು. ಪರೀಕ್ಷೆಯ ದಿನಗಳಲ್ಲಿ ಮಾತ್ರ ಅಪ್ಪ ಸೈಕಲ್ ಮೇಲೆ ಬಿಟ್ಟು ಹೋಗುತ್ತಿದ್ದ. ಗಣಿತದ ಪ್ರಶ್ನೆಪತ್ರಿಕೆ ತೆಗೆದವಳು ನಾನು. ನಾಲ್ಕು ಅಂಕದ ಒಂದು ಪ್ರಶ್ನೆ ಹೀಗಿತ್ತು: ಎಬಿಸಿಡಿ ಒಂದು ಆಯತಾಕಾರದ ಹೊಲ. ಎಬಿ ಇನ್ನೂರು ಮೀಟರು, ಬಿಸಿ ನೂರಾ ಐವತ್ತು ಮೀಟರು. ಎ ಬಿಂದುವಿನಲ್ಲಿ ಮನೆ, ಸಿ ಬಿಂದುವಿನಲ್ಲಿ ಶಾಲೆ. ಮನೆಯಿಂದ ಶಾಲೆಗೆ ಅತಿ ಕಡಿಮೆ ದೂರ ಎಷ್ಟು? ಆ ಹೊಲ ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಕೈ ತಾನಾಗಿ ಅದನ್ನು ಬರೆದಿತ್ತು. ಓದುವವರಲ್ಲಿ ಅವಳೂ ಒಬ್ಬಳು ಎಂದು ಬರೆಯುವಾಗ ನಾನು ಯೋಚಿಸಲಿಲ್ಲ.

ಅವಳ ಉತ್ತರ ದುಂಡಗಿನ ಅಕ್ಷರದಲ್ಲಿ, ನಾನು ಕಲಿಸಿದ ಕ್ರಮದಲ್ಲೇ ಇತ್ತು. ದತ್ತ, ಚಿತ್ರ, ಸಾಧನೆ. ಪೈಥಾಗೊರಸನ ಪ್ರಮೇಯದ ಪ್ರಕಾರ ಎಸಿ ಇನ್ನೂರಾ ಐವತ್ತು ಮೀಟರು. ಎಸಿ ಮೇಲೆ ಪ್ಲಾಟುಗಳಿವೆ, ಆದ್ದರಿಂದ ಎಬಿ ಮತ್ತು ಬಿಸಿ ಮೇಲೆ ಹೋಗಬೇಕು, ಮುನ್ನೂರಾ ಐವತ್ತು ಮೀಟರು. ಆದರೆ ಎ ಬಿಂದುವಿನಲ್ಲಿಯೇ ಗೋಡೆ ಇರುವುದರಿಂದ ಈ ದಾರಿಯೂ ಇಲ್ಲ. ತರಗತಿಯಲ್ಲಿ ನಾವು ಹಗ್ಗದಿಂದ ಅಳೆದ ಪ್ರಕಾರ ಉಳಿದ ದಾರಿ ಎರಡು ಸಾವಿರದ ಮುನ್ನೂರು ಮೀಟರು. ಆದ್ದರಿಂದ ಅತಿ ಕಡಿಮೆ ದೂರ ಎರಡು ಸಾವಿರದ ಮುನ್ನೂರು ಮೀಟರು ಎಂದು ಸಾಧಿಸಿದೆ.

ನಾಲ್ಕಕ್ಕೆ ನಾಲ್ಕು ಹಾಕಿದೆ. ಉತ್ತರಪತ್ರಿಕೆಗಳನ್ನು ತಿರುವಿ ನೋಡುವಾಗ ಮುಖ್ಯೋಪಾಧ್ಯಾಯರು ಅಲ್ಲಿ ಬೆರಳಿಟ್ಟರು.

"ಮೇಡಂ, ಮಾದರಿ ಉತ್ತರದಾಗ ಇನ್ನೂರಾ ಐವತ್ತ ಐತಲ್ರಿ. ನೀವ ಬರದಿದ್ದು."

"ಹೌದ್ರಿ ಸರ್. ನಾ ತಪ್ಪ ಬರದೇನಿ. ಹಗ್ಗಾ ಕೊಡ್ತೇನಿ, ನೀವ ಹೋಗಿ ಅಳದ ಬರ್ರಿ. ಇನ್ನೂರಾ ಐವತ್ತ ಬಂದ್ರ ಸೊನ್ನಿ ಹಾಕ್ತೇನಿ."

ಅವರು ಹೋಗಲಿಲ್ಲ. ಅಂಕ ಹಾಗೆಯೇ ಉಳಿಯಿತು, ತರಗತಿಗೆ ಅವಳೇ ಮೊದಲು ಬಂದಳು.

ಜೂನಿನಲ್ಲಿ ಹತ್ತನೇ ತರಗತಿ ಶುರುವಾಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ನಾನೇ ಬರೆದುಕೊಂಡೆ. ದಿನಾ ಕರೆಯುತ್ತೇನೆ. ಬಂದಿಲ್ರಿ ಎನ್ನುತ್ತಾರೆ ಮಕ್ಕಳು. ಇಷ್ಟು ದಿನ ಗೈರಾದರೆ ನಿಯಮದ ಪ್ರಕಾರ ಹೆಸರು ಹೊಡೆದುಹಾಕಬೇಕು. ಮುಖ್ಯೋಪಾಧ್ಯಾಯರು ಎರಡು ಸಲ 'ಹೊಡೀರಿ ಅನ್ನೂದಿಲ್ಲ, ಬಿಡ್ರಿ ಅಂತನೂ ಅನ್ನೂದಿಲ್ಲ' ಎಂದಿದ್ದಾರೆ. ನಾನು ಹೊಡೆಯುವುದಿಲ್ಲ. ಹಾಜರಿ ಪುಸ್ತಕ ಮೇಜಿನ ಮೇಲೆಯೇ ಇದೆ, ಕೆಂಪು ಪೆನ್ನೂ ಅಲ್ಲೇ ಇದೆ. ಹೊಡೆಯುವವರು ನನ್ನ ಮುಂದೆ ಕೂತು ಹೊಡೆಯಲಿ, ನೋಡುತ್ತೇನೆ.